ಮನೆಯಂಗಳದ ಹುಲ್ಲುಹಾಸು

ನಮ್ಮ ಮಾತಿನಲ್ಲಿ ಹುಲ್ಲಿಗೆ ಅಷ್ಟಾಗಿ ಗೌರವವಿಲ್ಲ. ಒಬ್ಬನನ್ನು ಕಡೆಗಣಿಸಿದೆವೆಂದು ಹೇಳಬೇಕಾದರೆ ಅವನನ್ನು ತೃಣಕ್ಕೆ ಸಮಾನವಾಗಿ ಕಂಡೆವು ಎನ್ನುತ್ತೇವೆ. ಕಾಲಿನಡಿಯಲ್ಲಿ ಬೆಳೆಯುವ, ದನಕರುಗಳು ಮೇಯುವ, ಯಾರೂ ಬಿತ್ತದೆ ತಾನಾಗಿ ಹುಟ್ಟುವ ವಸ್ತುವನ್ನು ಯಾರು ತಾನೆ ಮನ್ನಿಸುತ್ತಾರೆ? ಆದರೆ ಸ್ವಲ್ಪ ಯೋಚಿಸಿ ನೋಡಿದರೆ ನಮ್ಮ ಬದುಕು ನಿಂತಿರುವುದೇ ಹುಲ್ಲಿನ ಮೇಲೆ. ನಾವು ಉಣ್ಣುವ ಭತ್ತ, ರಾಗಿ, ಜೋಳ, ಗೋಧಿಗಳೆಲ್ಲವೂ ಹುಲ್ಲಿನ ಜಾತಿಗೆ ಸೇರಿದ ಸಸ್ಯಗಳು. ಸಕ್ಕರೆ ಬೆಲ್ಲಗಳನ್ನು ಕೊಡುವ ಕಬ್ಬೂ ಹುಲ್ಲೇ. ಮನೆಗೆ ಗಳುವಾಗುವ ಬಿದಿರೂ ಹುಲ್ಲೇ. ಗಣಪತಿಯ ಪೂಜೆಗೆ ಬೇಕಾದ ಗರಿಕೆಯಂತೂ ಹುಲ್ಲುಗಳಲ್ಲಿಯೇ ಪೂಜ್ಯವಾದುದು. ಉತ್ತರ ಕರ್ನಾಟಕದಲ್ಲಿ ಇದನ್ನು ಕರಕಿ ಎನ್ನುತ್ತಾರೆ. ತವರಿನ ವಂಶವು ಕರಕಿಯ ಹಾಗೆ ಹಬ್ಬಲೆಂದು ಅಲ್ಲಿಯ ಹೆಣ್ಣುಮಕ್ಕಳು ತಮ್ಮ ಹಾಡುಗಳಲ್ಲಿ ಹರಸುವುದುಂಟು. ಹರಕೆಗೆ ಅವರು ಆಲದ ಮರವನ್ನು ಆರಿಸದೆ ಈ ಪುಟ್ಟ ಹುಲ್ಲನ್ನು ಏಕೆ ಆರಿಸಿದರು? ಈ ಪ್ರಶ್ನೆಗೆ ಉತ್ತರವು ನನಗೆ ಸಿಕ್ಕಿದ್ದು ತೀರ ಈಚೆಗೆ, ನನ್ನ ಮನೆಯ ಅಂಗಳದಲ್ಲಿ.

ಅಂಗಳದಲ್ಲಿ ಹುಲ್ಲನ್ನು ಹಾಸಿನಂತೆ ಬೆಳೆಸುವುದು ನಮ್ಮ ಹಳೆಯ ಪದ್ಧತಿಯಲ್ಲ. ನಮ್ಮ ಹಿರಿಯರ ಅಂಗಳವೆಂದರೆ ಗುಡಿಸಿ, ಸಗಣಿಯಿಂದ ಸಾರಿಸಿ, ರಂಗೋಲಿ ಇಟ್ಟ ಮಣ್ಣಿನ ನೆಲ. ಸುಗ್ಗಿಯ ಕಾಲದಲ್ಲಿ ಅಲ್ಲಿ ಕಾಳು ಒಣಗಬೇಕಾಗಿತ್ತು. ಒಂದು ಹುಲ್ಲಿನ ಎಸಳು ತಲೆಯೆತ್ತಿದರೂ ಅದನ್ನು ಕಿತ್ತೆಸೆಯುತ್ತಿದ್ದರು. ಹುಲ್ಲುಹಾಸು ಬೆಳೆದದ್ದು ಇಂಗ್ಲೆಂಡಿನಂತಹ ತಂಪು ನಾಡುಗಳಲ್ಲಿ. ಅಲ್ಲಿ ವರ್ಷದುದ್ದಕ್ಕೂ ಆಗಾಗ ಮಳೆ ಹನಿಯುತ್ತಿರುವುದರಿಂದ ಹುಲ್ಲು ಹೆಚ್ಚಿನ ಆರೈಕೆಯಿಲ್ಲದೆ ಹಸುರಾಗಿರುತ್ತದೆ. ಸಿರಿವಂತರ ಬಂಗಲೆಗಳ ಮುಂದಿನ ಹುಲ್ಲನ್ನು ಮೊದಲು ಕುರಿಗಳು ಮೇಯ್ದು ಒಂದೇ ಮಟ್ಟದಲ್ಲಿ ಇಡುತ್ತಿದ್ದವು. ಇಲ್ಲವೆ ಆಳುಗಳು ಇಬ್ಬನಿ ಆರುವ ಮುನ್ನವೇ ಉದ್ದನೆಯ ಕುಡುಗೋಲುಗಳಿಂದ ಕೊಯ್ಯುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದನು. ಬಟ್ಟೆಯ ಗಿರಣಿಗಳಲ್ಲಿ ಉಣ್ಣೆಯ ಬಟ್ಟೆಯ ಮೇಲಿನ ನವಿರನ್ನು ಸಮನಾಗಿ ಕತ್ತರಿಸುವ ಯಂತ್ರವೇ ಅವನಿಗೆ ಈ ಉಪಾಯವನ್ನು ಹೊಳೆಯಿಸಿತು. ಅಂದಿನಿಂದ ಹುಲ್ಲುಹಾಸು ಸಾಮಾನ್ಯರ ಮನೆಯಂಗಳಕ್ಕೂ ಇಳಿದುಬಂತು. ಬ್ರಿಟಿಷರೊಡನೆ ಅದು ನಮ್ಮ ನಾಡಿಗೂ ಬಂದು, ಉದ್ಯಾನಗಳಲ್ಲಿ, ಅಧಿಕಾರಿಗಳ ಬಂಗಲೆಗಳಲ್ಲಿ ನೆಲಸಿ, ಕಡೆಗೆ ನಮ್ಮ ನಿಮ್ಮಂತಹವರ ಮನೆಗಳ ಮುಂದೆಯೂ ಹರಡಿತು.

ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಬಳಿಕ ಬೆಂಗಳೂರಿನ ಹೊರವಲಯದಲ್ಲಿ ಒಂದು ಸಣ್ಣ ಮನೆಯಲ್ಲಿ ನೆಲಸಿದೆ. ಮನೆಯ ಮುಂದೆ 20 ಅಡಿ ಅಗಲ, 30 ಅಡಿ ಉದ್ದದ ಖಾಲಿ ಜಾಗವಿತ್ತು. ಸಂಜೆ ಅಲ್ಲಿ ಕುಳಿತು ಪುಸ್ತಕ ಓದಬೇಕು, ಮೊಮ್ಮಕ್ಕಳು ಬಂದಾಗ ಬರಿಗಾಲಿನಲ್ಲಿ ಆಡಬೇಕು ಎಂಬುದು ನನ್ನ ಆಸೆ. ಸಸಿಗಳನ್ನು ಮಾರುವವರು ಕೊರಿಯನ್ ಹುಲ್ಲು, ಕಾರ್ಪೆಟ್ ಹುಲ್ಲು ಎಂದು ಹಲವು ಬಗೆಗಳನ್ನು ತೋರಿಸಿದರು. ನಮ್ಮ ಬಡಾವಣೆಯ ತೋಟಗಳಲ್ಲಿ ಕೆಲಸ ಮಾಡುವ ಹಿರಿಯ ಮಾಲಿಯೊಬ್ಬರು ಮಾತ್ರ, “ಮೇಷ್ಟ್ರೇ, ನಿಮ್ಮ ಅಂಗಳಕ್ಕೆ ದಿನವಿಡೀ ಬಿಸಿಲು ಬೀಳುತ್ತದೆ. ಗರಿಕೆ ಹಾಕಿ. ಅದು ಈ ಮಣ್ಣಿನ ಮಗಳು” ಎಂದರು. ಅವರ ಮಾತಿನಲ್ಲಿ ತಿರುಳಿತ್ತು. ಗರಿಕೆಗೆ ಬಿಸಿಲೇ ಬಲ. ನೆರಳಿನಲ್ಲಿ ಅದು ಸೊರಗುತ್ತದೆ. ಮರದ ಅರೆನೆರಳಿರುವ ಕಡೆಗೆ ಅಗಲವಾದ ಎಲೆಯ ಕಾರ್ಪೆಟ್ ಹುಲ್ಲು ಹೊಂದುತ್ತದೆ. ದಟ್ಟವಾದ ನೆರಳಿರುವಲ್ಲಿ ಯಾವ ಹುಲ್ಲನ್ನೂ ಬೆಳೆಸಲು ಹೆಣಗದೆ, ನೆರಳನ್ನು ಸಹಿಸುವ ಬೇರೆ ಗಿಡಗಳನ್ನು ನೆಡುವುದೇ ಲೇಸು. ನೆಲಕ್ಕೂ ಬಿಸಿಲಿಗೂ ಒಪ್ಪುವ ಹುಲ್ಲನ್ನು ಆರಿಸಿಕೊಂಡವನಿಗೆ ಅರ್ಧ ಕೆಲಸ ಮುಗಿದಂತೆಯೇ ಸರಿ.

ಉಳಿದ ಅರ್ಧದಲ್ಲಿ ಬಹುಪಾಲು ಮಣ್ಣಿನದು. ಮನೆ ಕಟ್ಟಿದ ಜಾಗದಲ್ಲಿ ಇಟ್ಟಿಗೆಯ ಚೂರು, ಸಿಮೆಂಟಿನ ಹೆಂಟೆ, ಜಲ್ಲಿಕಲ್ಲುಗಳು ಹೂತುಹೋಗಿರುತ್ತವೆ. ಇವುಗಳನ್ನೆಲ್ಲ ಆರಿಸಿ ತೆಗೆದು, ನೆಲವನ್ನು ಸುಮಾರು ಒಂದು ಅಡಿ ಆಳಕ್ಕೆ ಅಗೆಯಬೇಕು. ಅಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಜೇಡಿಮಣ್ಣಾಗಿದ್ದರೆ ಸ್ವಲ್ಪ ಮರಳನ್ನೂ ಕೂಡಿಸಬಹುದು. ಮಳೆಯ ನೀರು ಗೋಡೆಯ ಕಡೆಗೆ ಹರಿಯದಂತೆ ನೆಲಕ್ಕೆ ಮನೆಯಿಂದ ಹೊರಮುಖವಾಗಿ ತುಸು ಇಳಿಜಾರು ಕೊಡಬೇಕು. ಇಷ್ಟಾದ ಕೂಡಲೇ ಹುಲ್ಲು ನೆಡುವ ಆತುರ ಬೇಡ. ಎರಡು ಮೂರು ವಾರ ನೆಲಕ್ಕೆ ನೀರು ಬಿಟ್ಟು ಕಾದರೆ ಮಣ್ಣಿನಲ್ಲಿ ಅಡಗಿದ್ದ ಕಳೆಯ ಬೀಜಗಳೂ ತುಂಗೆಯ ಗೆಡ್ಡೆಗಳೂ ಮೊಳೆತು ಹೊರಗೆ ಬರುತ್ತವೆ. ಆಗ ಅವುಗಳನ್ನು ಬುಡಸಹಿತ ತೆಗೆದುಹಾಕುವುದು ಸುಲಭ. ಈ ಎರಡು ವಾರಗಳ ತಾಳ್ಮೆ ಮುಂದಿನ ಎರಡು ವರ್ಷಗಳ ಬೆನ್ನುನೋವನ್ನು ತಪ್ಪಿಸುತ್ತದೆ. ಮುಂಗಾರು ಹಿಡಿದ ಜೂನ್, ಜುಲೈ ತಿಂಗಳುಗಳಲ್ಲಿ ಗರಿಕೆಯ ಬೇರುಸಹಿತವಾದ ತುಂಡುಗಳನ್ನು ಗೇಣಿಗಿಂತ ಕಡಮೆ ಅಂತರದಲ್ಲಿ ಸಾಲಾಗಿ ನೆಟ್ಟರೆ, ಮಳೆಯೇ ಅರ್ಧ ಆರೈಕೆ ಮಾಡುತ್ತದೆ. ಒಂದೂವರೆ ಎರಡು ತಿಂಗಳಲ್ಲಿ ಕುಡಿಗಳು ಒಂದಕ್ಕೊಂದು ಕೈ ಚಾಚಿ, ಮಣ್ಣು ಕಾಣದಂತೆ ಹಬ್ಬುತ್ತವೆ.

ಹೀಗೆ ಹಬ್ಬಿದ ಹುಲ್ಲನ್ನು ಕಂಡು ನಾನು ಹಿಗ್ಗಿದೆ. ಹಿಗ್ಗಿನಲ್ಲಿಯೇ ಒಂದು ತಪ್ಪನ್ನೂ ಮಾಡಿದೆ. ಮೊಮ್ಮಗಳ ನಾಮಕರಣಕ್ಕೆ ಬಂಧುಗಳು ಬರುವವರಿದ್ದರು. ಅಂಗಳವು ಒಪ್ಪವಾಗಿ ಕಾಣಲೆಂದು, ಒಂದು ತಿಂಗಳು ಕೈಯಿಡದೆ ಬಿಟ್ಟಿದ್ದ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿಬಿಟ್ಟೆ. ಸಮಾರಂಭದ ದಿನ ಅಂಗಳವೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಮಣ್ಣು ಇಣುಕುತ್ತಿತ್ತು. ಬಂದವರು ಶಾಮಿಯಾನದ ಕೆಳಗೆ ಕುಳಿತರೇ ಹೊರತು ಯಾರೂ ಅಂಗಳದ ಮಾತೆತ್ತಲಿಲ್ಲ. ಮರುದಿನ ಮಾಲಿ ಬಂದು ನೋಡಿ, “ಮೇಷ್ಟ್ರೇ, ಗಿಡಕ್ಕೆ ಎಲೆಯೇ ಅಡುಗೆಮನೆ. ನೀವು ಅಡುಗೆಮನೆಯನ್ನೇ ಕೆಡವಿದಿರಿ. ಇನ್ನು ಅದು ಉಣ್ಣುವುದೇನನ್ನು?” ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಾನು ಅಂದು ಉತ್ತರ ತಿಳಿಯದ ಹುಡುಗನಂತೆ ನಿಂತೆ.

ಹುಲ್ಲಿನ ದೇಹರಚನೆಯಲ್ಲಿ ಒಂದು ವಿಶೇಷವಿದೆ. ಬಹುಪಾಲು ಗಿಡಗಳು ಕೊಂಬೆಯ ತುದಿಯಲ್ಲಿ ಬೆಳೆಯುತ್ತವೆ. ತುದಿಯನ್ನು ಚಿವುಟಿದರೆ ಆ ಕೊಂಬೆಯ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹುಲ್ಲಿನ ಎಲೆಯಾದರೋ ಬುಡದಿಂದ ಬೆಳೆಯುತ್ತದೆ. ಬೆಳೆಯುವ ಭಾಗವು ನೆಲಕ್ಕೆ ಅಂಟಿಕೊಂಡಂತೆ ಕೆಳಗಿರುವುದರಿಂದ ದನವು ಮೇಯ್ದರೂ, ಯಂತ್ರವು ಕತ್ತರಿಸಿದರೂ ಅದಕ್ಕೆ ಅಪಾಯವಿಲ್ಲ. ತುದಿಯನ್ನು ಕಳೆದುಕೊಂಡ ಎಲೆ ಬುಡದಿಂದ ಮತ್ತೆ ಮೇಲೇರುತ್ತದೆ. ಕತ್ತರಿಸಿದಂತೆಲ್ಲ ಪಕ್ಕದ ಕುಡಿಗಳು ಚಿಗುರಿ ಹಾಸು ದಟ್ಟವಾಗುತ್ತದೆ. ಹುಲ್ಲುಹಾಸೆಂಬುದು ಸಾಧ್ಯವಾಗಿರುವುದೇ ಈ ಗುಣದಿಂದ. ಆದರೆ ಈ ಸಹನೆಗೂ ಮಿತಿಯುಂಟು. ಎಲೆಯು ಬಿಸಿಲಿನ ಸಹಾಯದಿಂದ ಆಹಾರವನ್ನು ತಯಾರಿಸಿ ಬೇರಿಗೆ ಕಳುಹಿಸುತ್ತದೆ. ಎಲೆಯ ಬಹುಭಾಗವನ್ನು ಒಮ್ಮೆಲೇ ಕತ್ತರಿಸಿದರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ತೆರೆದ ಮಣ್ಣು ಬಿಸಿಲಿಗೆ ಕಾಯುತ್ತದೆ. ಅದುವರೆಗೆ ಬೆಳಕು ಕಾಣದಿದ್ದ ಕಳೆಯ ಬೀಜಗಳು ಮೊಳೆಯುತ್ತವೆ. ಆದುದರಿಂದಲೇ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಬಾರದೆಂಬ ನಿಯಮವನ್ನು ತೋಟಗಾರಿಕೆ ಬಲ್ಲವರು ಮಾಡಿದ್ದಾರೆ. ಹುಲ್ಲು 4 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂದಿದ್ದರೆ, ಅದು 6 ಸೆಂಟಿಮೀಟರ್ ಬೆಳೆದಾಗ ಕತ್ತರಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ಕೆಲಸ ಬೀಳಬಹುದು; ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕಾಗಬಹುದು. ಬೇಸಗೆಯಲ್ಲಿ ಹುಲ್ಲನ್ನು ಇನ್ನೂ ತುಸು ಎತ್ತರವಾಗಿ ಬಿಟ್ಟರೆ ಅದು ತನ್ನ ಬುಡಕ್ಕೆ ತಾನೇ ನೆರಳಾಗುತ್ತದೆ. ಯಂತ್ರದ ಅಲಗು ಹರಿತವಾಗಿರಬೇಕು. ಮೊಂಡಾದ ಅಲಗು ಎಲೆಯನ್ನು ಕತ್ತರಿಸದೆ ಹರಿಯುತ್ತದೆ; ಹರಿದ ತುದಿಗಳು ಒಣಗಿ ಅಂಗಳವೆಲ್ಲ ಕಂದಿದಂತೆ ಕಾಣುತ್ತದೆ.

ಕತ್ತರಿಸಿದ ಹುಲ್ಲಿನ ಚೂರುಗಳನ್ನು ಗುಡಿಸಿ ಕಸದ ಗಾಡಿಗೆ ಹಾಕುವವರು ಬಹಳ ಮಂದಿ. ಇದು ಬಡಿಸಿದ ಅನ್ನವನ್ನು ಹೊರಗೆ ಚೆಲ್ಲಿ, ಮತ್ತೆ ಅಂಗಡಿಯಿಂದ ಅಕ್ಕಿ ತಂದಂತೆ. ಚೂರುಗಳು ಸಣ್ಣವಾಗಿದ್ದರೆ ಅವು ಹುಲ್ಲಿನ ನಡುವೆ ಇಳಿದು, ಕೆಲವು ದಿನಗಳಲ್ಲಿ ಕೊಳೆತು, ತಮ್ಮಲ್ಲಿರುವ ಸಾರಜನಕವನ್ನು ಮಣ್ಣಿಗೆ ಹಿಂದಿರುಗಿಸುತ್ತವೆ. ಎರೆಹುಳುಗಳು ಅವನ್ನು ಕೆಳಗೆಳೆದುಕೊಂಡು ಮಣ್ಣನ್ನು ಸಡಿಲಗೊಳಿಸುತ್ತವೆ. ಇದರ ಜೊತೆಗೆ ವರ್ಷಕ್ಕೆ ಒಂದೆರಡು ಸಲ, ಜರಡಿ ಹಿಡಿದ ಗೊಬ್ಬರವನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಮೇಲೆ ಹರಡಿ ಕಸಬರಿಕೆಯಿಂದ ಎಳೆದರೆ ಮನೆಯ ಅಂಗಳಕ್ಕೆ ಅದು ಸಾಕು. ಯೂರಿಯಾ ಹಾಕಿದರೆ ಹುಲ್ಲು ಬೇಗ ಹಸುರಾಗುವುದು ನಿಜ. ಆದರೆ ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ. ಅಳತೆ ಮೀರಿದರೆ, ಅಥವಾ ಹಾಕಿದ ಬಳಿಕ ನೀರು ಕೊಡದಿದ್ದರೆ ಹುಲ್ಲು ಸುಟ್ಟಂತಾಗುತ್ತದೆ. ಬಲವಂತದಿಂದ ಬೆಳೆದ ಹುಲ್ಲಿಗೆ ನೀರೂ ಹೆಚ್ಚು ಬೇಕು, ಕತ್ತರಿಯೂ ಹೆಚ್ಚು ಬೇಕು.

ಕಳೆಯ ವಿಷಯದಲ್ಲಿಯೂ ವಿವೇಕವಿರಬೇಕು. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುನ್ನವೇ ಕಿತ್ತುಹಾಕಬೇಕು. ಅದರ ಪರಾಗದಿಂದ ಹಲವರಿಗೆ ಚರ್ಮದ ಬೇನೆ, ಉಬ್ಬಸ ಬರುವುದುಂಟು. ಕೀಳುವಾಗ ಕೈಚೀಲ ಧರಿಸಬೇಕು. ತುಂಗೆಯನ್ನು ಮೇಲೆ ಮೇಲೆ ಕಿತ್ತರೆ ಫಲವಿಲ್ಲ; ನೆಲದೊಳಗೆ ಸರಪಣಿಯಂತೆ ಹೆಣೆದುಕೊಂಡ ಗೆಡ್ಡೆಗಳನ್ನು ಅಗೆದು ತೆಗೆಯಬೇಕು. ಆದರೆ ನಾವು ನೆಡದ ಗಿಡಗಳೆಲ್ಲವೂ ಶತ್ರುಗಳಲ್ಲ. ನನ್ನ ಅಂಗಳದ ತೇವದ ಮೂಲೆಯೊಂದರಲ್ಲಿ ಒಂದೆಲಗ ಹಬ್ಬಿತು. ಕೀಳಲು ಕೈಹಾಕಿದಾಗ, ನನ್ನ ತಾಯಿ ಅದೇ ಎಲೆಯಿಂದ ಮಾಡುತ್ತಿದ್ದ ತಂಬುಳಿಯ ನೆನಪಾಯಿತು. ಕೈ ಹಿಂದಕ್ಕೆ ಬಂತು. ಆ ಮೂಲೆಯನ್ನು ಒಂದೆಲಗಕ್ಕೇ ಬಿಟ್ಟಿದ್ದೇನೆ. ಹುಲ್ಲುಹಾಸು ದಟ್ಟವಾಗಿದ್ದರೆ ಕಳೆಗೆ ಕಾಲಿಡಲು ಜಾಗವೇ ಇರುವುದಿಲ್ಲ. ತುಳಿತದಿಂದ ನೆಲ ಗಟ್ಟಿಯಾದೆಡೆ ಮಾತ್ರ ಹುಲ್ಲು ಸಾಯುತ್ತದೆ, ಕಳೆ ನುಗ್ಗುತ್ತದೆ. ಅಂತಹ ಕಡೆ ಮೊನೆಯಾದ ಸಲಾಕಿಯಿಂದ ಗೇಣಿಗೊಂದರಂತೆ ತೂತುಗಳನ್ನು ಮಾಡಿದರೆ ಗಾಳಿಯೂ ನೀರೂ ಬೇರಿಗೆ ಇಳಿದು ಹುಲ್ಲು ಚೇತರಿಸಿಕೊಳ್ಳುತ್ತದೆ.

ಇನ್ನು ನೀರಿನ ಮಾತು. ಬಹಳ ಮಂದಿ ದಿನವೂ ಸಂಜೆ ಕೊಳವೆ ಹಿಡಿದು ಐದು ನಿಮಿಷ ನೀರು ಚಿಮುಕಿಸುತ್ತಾರೆ. ಮೇಲ್ಮಣ್ಣು ಮಾತ್ರ ನೆನೆಯುತ್ತದೆ. ನೀರು ಮೇಲೆಯೇ ಸಿಗುವಾಗ ಬೇರು ಏಕೆ ಕೆಳಗಿಳಿದೀತು? ಅಂತಹ ಹುಲ್ಲು ಎರಡು ದಿನ ನೀರು ತಪ್ಪಿದರೆ ಬಾಡುತ್ತದೆ. ಹಾಗೆ ಮಾಡದೆ, ಮಣ್ಣು 10ರಿಂದ 15 ಸೆಂಟಿಮೀಟರ್ ಆಳದವರೆಗೆ ನೆನೆಯುವಂತೆ ಒಮ್ಮೆ ನೀರುಣಿಸಿ, ಮತ್ತೆ ಹುಲ್ಲು ಕೇಳುವವರೆಗೆ ಕಾಯಬೇಕು. ಹುಲ್ಲು ಕೇಳುವುದನ್ನು ಕಣ್ಣಿನಿಂದ ತಿಳಿಯಬಹುದು. ಎಲೆಗಳು ಮಡಿಸಿಕೊಂಡು ಬಣ್ಣ ಮಂಕಾದರೆ, ನಡೆದಾಗ ಹೆಜ್ಜೆಯ ಗುರುತು ಬೇಗ ಅಳಿಯದಿದ್ದರೆ ಅದಕ್ಕೆ ಬಾಯಾರಿದೆಯೆಂದು ಅರ್ಥ. ನೀರು ಕೊಡಲು ಮುಂಜಾನೆಯೇ ತಕ್ಕ ಸಮಯ; ಮಧ್ಯಾಹ್ನ ಕೊಟ್ಟ ನೀರಿನಲ್ಲಿ ಒಂದು ಪಾಲು ಆವಿಯಾಗಿ ಹೋಗುತ್ತದೆ; ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದರೆ ಬೂಷ್ಟು ರೋಗಗಳಿಗೆ ಎಡೆಯಾಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್ ಆಗುತ್ತದೆ. ನನ್ನ ಅಂಗಳವು 600 ಚದರ ಅಡಿ, ಎಂದರೆ ಸುಮಾರು 56 ಚದರ ಮೀಟರ್. ಬೇಸಗೆಯಲ್ಲಿ ಹುಲ್ಲು ಹಸುರಾಗಿರಲು ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕೆಂದು ಇಟ್ಟುಕೊಂಡರೆ, ವಾರಕ್ಕೆ 1400 ಲೀಟರ್ ಆಯಿತು. ನಮ್ಮ ದೇಶದ ನಗರಗಳಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಒದಗಬೇಕೆಂಬುದು ಸರ್ಕಾರದ ಅಳತೆಗೋಲು. ಆ ಲೆಕ್ಕದಂತೆ ನನ್ನ ಹುಲ್ಲು ಒಂದು ವಾರದಲ್ಲಿ ಕುಡಿಯುವ ನೀರು ಒಬ್ಬ ಮನುಷ್ಯನಿಗೆ ಹತ್ತು ದಿನಗಳ ಅಡುಗೆ, ಸ್ನಾನ, ಬಟ್ಟೆ ಒಗೆತಗಳಿಗೆಲ್ಲ ಸಾಕಾಗುವಷ್ಟು. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿದ್ದು 2024ರ ಬೇಸಗೆಯಲ್ಲಿ.

ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಆ ಮಾರ್ಚ್ ತಿಂಗಳಿನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಹಾಯಿಸುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿದರು. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದಾಗ ಕೊಡಗಳ ಸಾಲು ನಿಲ್ಲುತ್ತಿತ್ತು. ಆ ಸಾಲಿನಲ್ಲಿ ನಮ್ಮ ಮನೆಯ ಹತ್ತಿರದ ಶೆಡ್ಡಿನಲ್ಲಿ ವಾಸವಾಗಿದ್ದ ಕಟ್ಟಡ ಕೆಲಸಗಾರರ ಒಬ್ಬ ಹುಡುಗಿಯೂ ಇರುತ್ತಿದ್ದಳು. ನಿಮ್ಮದೇ ವಯಸ್ಸು. ಎರಡು ಕೊಡ ನೀರಿಗಾಗಿ ಶಾಲೆಯ ಮೊದಲ ಗಂಟೆಯನ್ನು ಅವಳು ಕಳೆದುಕೊಳ್ಳುತ್ತಿದ್ದಳು. ಅವಳನ್ನು ನೋಡಿದ ಮೇಲೆ ಕೊಳವೆ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ದಂಡದ ಭಯ ಆಮೇಲಿನ ಮಾತು. ನಾನು ಅಂಗಳಕ್ಕೆ ನೀರು ಬಿಡುವುದನ್ನು ನಿಲ್ಲಿಸಿದೆ. ಅಕ್ಕಿ, ತರಕಾರಿ ತೊಳೆದ ನೀರನ್ನು ಮಾತ್ರ ಸರದಿಯಂತೆ ಒಂದೊಂದು ಮೂಲೆಗೆ ಚೆಲ್ಲುತ್ತಿದ್ದೆ.

ಮೂರು ವಾರಗಳಲ್ಲಿ ಹುಲ್ಲು ಹಳದಿಯಾಯಿತು. ಐದು ವಾರಗಳಲ್ಲಿ ಹುರಿದಂತೆ ಕಂದಾಯಿತು. ನೆರೆಯವರು, “ನಿಮ್ಮ ಹುಲ್ಲು ಸತ್ತಿತು, ಕಿತ್ತು ಕಲ್ಲು ಹಾಸಿಸಿಬಿಡಿ” ಎಂದರು. ನನಗೂ ಹಾಗೆಯೇ ಎನಿಸಿತ್ತು. ಮಾಲಿ ಮಾತ್ರ ಬೆರಳಿನಿಂದ ಮಣ್ಣನ್ನು ಕೆದಕಿ, ಒಂದು ಬೇರುಕಾಂಡವನ್ನು ಎಳೆದು ಮುರಿದು ತೋರಿಸಿದರು. ಹೊರಗೆ ಒಣಗಿದ್ದರೂ ಒಳಗೆ ಬಿಳುಪಾಗಿ, ತೇವವಾಗಿ ಇತ್ತು. “ಸತ್ತಿಲ್ಲ, ಮಲಗಿದೆ. ಈಗ ಅದರ ಮೇಲೆ ಓಡಾಡಬೇಡಿ, ಅಷ್ಟೇ” ಎಂದರು. ಗರಿಕೆಯ ಗುಟ್ಟು ಇದು. ಅದು ನೆಲದ ಮೇಲೆ ಹಬ್ಬುವ ಕುಡಿಗಳ ಜೊತೆಗೆ ನೆಲದೊಳಗೂ ಕಾಂಡಗಳನ್ನು ಹರಡಿ, ಅವುಗಳಲ್ಲಿ ಆಹಾರವನ್ನು ಕೂಡಿಟ್ಟುಕೊಳ್ಳುತ್ತದೆ. ಬರ ಬಂದಾಗ ಎಲೆಗಳನ್ನು ಕೈಬಿಟ್ಟು, ಜೀವವನ್ನು ಕೆಳಗಿಳಿಸಿ ಸುಮ್ಮನಾಗುತ್ತದೆ. ನಾವು ಸಾವೆಂದು ತಿಳಿಯುವುದು ಅದರ ಮಿತವ್ಯಯ.

ಮೇ ತಿಂಗಳ ಮೊದಲಲ್ಲಿ ಭರಣಿ ಮಳೆ ಬಿತ್ತು. ಎರಡು ಮೂರು ದಿನ ಏನೂ ಕಾಣಲಿಲ್ಲ. ಬಳಿಕ ಒಂದು ಮುಂಜಾನೆ, ಕಂದು ಬಣ್ಣದ ನಡುವೆ ಸೂಜಿಮೊನೆಯಂತಹ ಹಸುರು ಅಂಗಳದ ಉದ್ದಕ್ಕೂ ಎದ್ದಿತ್ತು. ಎರಡು ವಾರಗಳಲ್ಲಿ ಹಾಸು ಮೊದಲಿನಂತಾಯಿತು. ಹೆಣ್ಣುಮಕ್ಕಳು ತವರಿಗೆ ಕರಕಿಯ ಹರಕೆಯನ್ನೇ ಏಕೆ ಹಾರೈಸಿದರೆಂಬುದು ಆ ಮುಂಜಾನೆ ನನಗೆ ತಿಳಿಯಿತು. ಕಷ್ಟಕಾಲದಲ್ಲಿ ಕುಗ್ಗಿ ಬದುಕಿ, ಒಳ್ಳೆಯ ಕಾಲ ಬಂದಾಗ ಮತ್ತೆ ಹಬ್ಬುವ ಶಕ್ತಿಯನ್ನು ಅವರು ಅದರಲ್ಲಿ ಕಂಡಿದ್ದರು.

ಈಗ ನನ್ನ ಅಂಗಳದ ಪದ್ಧತಿ ಬದಲಾಗಿದೆ. ಹುಲ್ಲಿನ ಹಾಸನ್ನು ಮೊದಲಿದ್ದುದರ ಅರ್ಧಕ್ಕೆ ಇಳಿಸಿದ್ದೇನೆ. ಉಳಿದ ಅರ್ಧದಲ್ಲಿ ನುಗ್ಗೆ, ಕರಿಬೇವು, ದಾಸವಾಳಗಳಿವೆ. ಮಾಡಿನ ನೀರನ್ನು ತೊಟ್ಟಿಗೆ ತಿರುಗಿಸಿದ್ದೇನೆ. ನೂರು ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ಆಗುತ್ತದೆ. ಸೋರಿ ಆರಿ ಹೋಗುವುದನ್ನು ಕಳೆದರೂ 800 ಲೀಟರ್ ಉಳಿಯುತ್ತದೆ. ತೊಟ್ಟಿಯಲ್ಲಿ ನೀರಿರುವಷ್ಟು ದಿನ ಹುಲ್ಲಿಗೆ ಅದರ ಪಾಲು ಸಲ್ಲುತ್ತದೆ. ತೊಟ್ಟಿ ಬರಿದಾದ ಮೇಲೆ ಹುಲ್ಲು ಮಲಗುತ್ತದೆ. ನಾನು ಅದನ್ನು ಎಬ್ಬಿಸುವುದಿಲ್ಲ. ಬೇಸಗೆಯಲ್ಲಿ ಕಂದಿದ ಅಂಗಳವನ್ನು ಕಂಡು ಈಗ ನನಗೆ ನಾಚಿಕೆಯಾಗುವುದಿಲ್ಲ.

ನಿಮ್ಮ ಶಾಲೆಯ ಮುಂದೆ ಒಂದು ಚಾಪೆಯಗಲದ ನೆಲವಿದ್ದರೂ ಸಾಕು, ಈ ಮಳೆಗಾಲದಲ್ಲಿ ಅಲ್ಲಿ ಗರಿಕೆಯನ್ನು ನೆಟ್ಟು ನೋಡಿ. ಎತ್ತರವನ್ನು ಅಳೆದು ಕತ್ತರಿಸಿ, ಮಣ್ಣನ್ನು ಮುಟ್ಟಿ ನೋಡಿ ನೀರುಣಿಸಿ, ಬೇಸಗೆಯಲ್ಲಿ ಒಣಗಿದಾಗ ಕಿತ್ತೆಸೆಯದೆ ಕಾಯಿರಿ. ಮುಂದಿನ ಮುಂಗಾರಿನ ಮೊದಲ ಮಳೆಯಾದ ನಾಲ್ಕನೆಯ ದಿನ ಶಾಲೆಗೆ ತುಸು ಬೇಗ ಹೋಗಿ ಅಲ್ಲಿ ಬಗ್ಗಿ ನೋಡಿ.